ಕಲಬುರಗಿ ಬಿಸಿಲಲ್ಲಿ ಬೀದಿಯಲ್ಲೇ ಇರುವವರಿಗೆ ನೀರಿನ ಬಾಟಲಿ ಕೊಟ್ಟರೆ ಸಾಕಾ? ಈ ಸಲ ಏನು ಮಾಡಬೇಕು ಹೇಳಿ

ಗಂಜ್_ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾವು ಆರು ಜನ ಗೆಳೆಯರು, ಎಲ್ಲರೂ ಕಲಬುರಗಿಯವರೇ. ಇಬ್ಬರು ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇವೆ, ಒಬ್ಬ ಮೂರು ಚಕ್ರದ ಟಂಟಂ ಓಡಿಸುತ್ತಾನೆ, ಉಳಿದ ಮೂವರು ಕಾಲೇಜು ಹುಡುಗರು. ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಕೈಯಿಂದ ದುಡ್ಡು ಹಾಕಿ ನೀರಿನ ಬಾಟಲಿ ತಂದೆವು. ಮಧ್ಯಾಹ್ನ ಒಂದು ಗಂಟೆಗೆ ಬೈಕ್ ಮೇಲೆ ಬಸ್ ಸ್ಟ್ಯಾಂಡ್, ಸೂಪರ್ ಮಾರ್ಕೆಟ್, ದರ್ಗಾ ರಸ್ತೆ, ಸ್ಟೇಷನ್ ಅಂತ ಸುತ್ತಿ, ಬೀದಿಯಲ್ಲೇ ಮಲಗಿ ಬೀದಿಯಲ್ಲೇ ಏಳುವವರಿಗೆ ಹಂಚಿದೆವು. ಒಂದೂವರೆ ತಾಸಿನಲ್ಲಿ ಎಲ್ಲ ಖಾಲಿ. ಏನೋ ಒಳ್ಳೆಯ ಕೆಲಸ ಮಾಡಿದೆವು ಅಂತ ಸಮಾಧಾನ ಆಗಿತ್ತು.

ಆವತ್ತು ಸ್ಟೇಷನ್ ಹತ್ತಿರ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಮುತ್ಯಾ (ಅಜ್ಜ) ಕೂತಿದ್ದರು. ಅಂಗಿ ಬಿಚ್ಚಿ ಪಕ್ಕಕ್ಕೆ ಎಸೆದಿದ್ದರು. ತಮ್ಮಷ್ಟಕ್ಕೆ ಏನೋ ಮಾತಾಡುತ್ತಿದ್ದರು, ನಾಲಿಗೆ ತೊದಲುತ್ತಿತ್ತು. ಮಾತಾಡಿಸಿದರೆ ನಮ್ಮ ಕಡೆ ನೋಡಲೇ ಇಲ್ಲ. ಕುಡಿದಿದ್ದಾರೆ ಅಂದುಕೊಂಡು ಒಂದು ಬಾಟಲಿ ಪಕ್ಕದಲ್ಲಿಟ್ಟು ಮುಂದೆ ಹೋದೆವು. ಸಂಜೆ ಅದೇ ದಾರಿಯಲ್ಲಿ ಬಂದಾಗ ಜನ ಸೇರಿದ್ದರು. ಚಹಾ ಅಂಗಡಿಯವರು ಫೋನ್ ಮಾಡಿ ಆಂಬುಲೆನ್ಸ್ ಕರೆಸಿದ್ದರು. ಮರುದಿನ ಕೇಳಿದರೆ ಮುತ್ಯಾ ಉಳಿಯಲಿಲ್ಲ ಅಂದರು. ನಾವು ಇಟ್ಟ ಬಾಟಲಿ ಅಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ.

ಇನ್ನೊಂದು ಸಲ ಬಸ್ ಸ್ಟ್ಯಾಂಡ್ ಹತ್ತಿರ ಇರುವ ಒಬ್ಬ ಆಯಿಯನ್ನು (ಅಜ್ಜಿಯನ್ನು) ಒಪ್ಪಿಸಿ, ಟಂಟಂನಲ್ಲಿ ಕೂರಿಸಿಕೊಂಡು ರಾತ್ರಿ ಮನೆ ಇಲ್ಲದವರು ಉಳಿಯುವ ಒಂದು ವಸತಿ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅವರು ಆಧಾರ್ ಕೇಳಿದರು. ಆಯಿ ಹತ್ತಿರ ಎಲ್ಲಿಂದ ಬರಬೇಕು? ಒಳಗೆ ಬಿಡಲಿಲ್ಲ. ವಾಪಸ್ ತಂದು ಅದೇ ಜಾಗದಲ್ಲಿ ಇಳಿಸಿದೆವು. ಆಮೇಲೆ ಆಯಿ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಈಗ ಮತ್ತೆ ಬಿಸಿಲು ಏರುತ್ತಿದೆ. ಸುಮ್ನೆ ಬಾಟಲಿ ಹಂಚುವುದಕ್ಕೆ ನನಗೆ ಮನಸ್ಸಿಲ್ಲ. ಯಾವ ಹೊತ್ತಿಗೆ ಹೋಗಬೇಕು, ಏನು ಒಯ್ಯಬೇಕು, ಬಿಸಿಲು ಬಡಿದವರನ್ನು ಹೇಗೆ ಗುರುತಿಸಬೇಕು, ವಸತಿ ಕೇಂದ್ರದವರು ಹಾಗೆ ವಾಪಸ್ ಕಳಿಸಬಹುದಾ? ಗೊತ್ತಿದ್ದವರು ಹೇಳಿ. ಆರು ಜನ ಇದ್ದೇವೆ, ಒಂದು ಟಂಟಂ ಇದೆ, ದುಡ್ಡು ಜಾಸ್ತಿ ಇಲ್ಲ.


ಸೇಡಂ_ರಸ್ತೆ_ಅಕ್ಕ

ತಮ್ಮ, ನಾನು ನರ್ಸ್. ಹತ್ತು ಬೇಸಿಗೆ ಕ್ಯಾಜುವಾಲ್ಟಿಯಲ್ಲಿ ಕಳೆದಿದ್ದೇನೆ. ಆ ಮುತ್ಯಾನ ವಿಷಯ ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ಆದರೆ ನಿಮ್ಮನ್ನು ನೀವು ಬೈದುಕೊಂಡು ಕೂರಬೇಡಿ. ಕುಡಿದವರಿಗೂ ಬಿಸಿಲು ಬಡಿದವರಿಗೂ ಹೊರಗಿನಿಂದ ನೋಡಿದರೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟೇ: ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲಲ್ಲಿ ಕೂತು ತೊದಲುವವರನ್ನು ಕಂಡರೆ ಮೊದಲು ಬಿಸಿಲು ಬಡಿದಿದೆ ಅಂತಲೇ ತಿಳಿಯಿರಿ. ಕುಡಿದವರಾಗಿದ್ದರೂ ಪರವಾಗಿಲ್ಲ. ಕುಡಿದವರಿಗೆ ಬಿಸಿಲು ಇನ್ನೂ ಬೇಗ ಬಡಿಯುತ್ತದೆ.

ಎರಡು ಹಂತ ಇದೆ. ಮೊದಲನೆಯದರಲ್ಲಿ ತಲೆ ಸುತ್ತುತ್ತದೆ, ತಲೆ ನೋಯುತ್ತದೆ, ವಾಂತಿ ಬಂದ ಹಾಗಾಗುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಮೈ ಬೆವರುತ್ತಿರುತ್ತದೆ. ಆದರೆ ಹೆಸರು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಅವರನ್ನು ನೆರಳಿಗೆ ತಂದು, ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸಿ, ಪಕ್ಕದಲ್ಲಿ ಅರ್ಧ ತಾಸು ಕೂತರೆ ಹೆಚ್ಚಿನವರು ಸುಧಾರಿಸುತ್ತಾರೆ. ಎರಡನೆಯದು ಬೇರೆ. ಮೈಯ ಬಿಸಿ 40 ಡಿಗ್ರಿ ದಾಟಿರುತ್ತದೆ, ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಎಲ್ಲಿದ್ದೇನೆ ಅಂತ ಗೊತ್ತಿರುವುದಿಲ್ಲ, ಬಟ್ಟೆ ಕಿತ್ತೆಸೆಯುತ್ತಾರೆ, ಬೈಯುತ್ತಾರೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಬೆವರು ನಿಂತಿರಬೇಕು ಅಂತೇನಿಲ್ಲ, ಬೆವರುತ್ತಿರಲೂಬಹುದು. ಅದನ್ನು ನೋಡಿ ಮೋಸ ಹೋಗಬೇಡಿ. ಮಾತು ಹಾದಿ ತಪ್ಪಿದೆಯಾ, ಅಷ್ಟು ನೋಡಿ.

ಹಾಗೆ ಕಂಡರೆ ಒಬ್ಬರು 108ಕ್ಕೆ ಫೋನ್ ಮಾಡಿ. ಉಳಿದವರು ಆಂಬುಲೆನ್ಸ್ ಬರಲಿ ಅಂತ ಕಾಯಬೇಡಿ, ಆಗಲೇ ತಣಿಸಲು ಶುರು ಮಾಡಿ. ನೆರಳಿಗೆ ಎಳೆದು, ಮೈಮೇಲೆ ಕೊಡ ನೀರು ಸುರಿದು, ಗಾಳಿ ಹಾಕಿ. ರಟ್ಟು, ಟವೆಲ್, ಏನು ಸಿಕ್ಕಿದರೂ ಸರಿ. ನಮ್ಮ ಕಡೆ ಗಾಳಿ ಒಣ ಇರುವುದರಿಂದ ಒದ್ದೆ ಮೈಗೆ ಗಾಳಿ ಬಡಿದರೆ ಬೇಗ ತಣಿಯುತ್ತದೆ. ಒಣ ಮೈಗೆ ಗಾಳಿ ಹಾಕಿದರೆ ಉಪಯೋಗ ಇಲ್ಲ, ಮಧ್ಯಾಹ್ನದ ಝಳವನ್ನೇ ಮೈಮೇಲೆ ತಳ್ಳಿದ ಹಾಗೆ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಇಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಕೊಡಬೇಡಿ, ಇದು ಜ್ವರ ಅಲ್ಲ. ಬಿಸಿಲು ಬಡಿಯಬಾರದು ಅಂತ ಜೇಬಿನಲ್ಲಿ ಉಳ್ಳಾಗಡ್ಡಿ (ಈರುಳ್ಳಿ) ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ, ಆದರೆ ಬಿದ್ದವರ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಾ ಹತ್ತು ನಿಮಿಷ ಕಳೆದರೆ ಆ ಹತ್ತು ನಿಮಿಷ ಮತ್ತೆ ಸಿಗುವುದಿಲ್ಲ.

ಓಆರ್‌ಎಸ್ ಪುಡಿ ಪ್ಯಾಕೆಟ್ ತನ್ನಿ, 20.5 ಗ್ರಾಂನದು, ಒಂದು ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಮೆಡಿಕಲ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಬೇಡ. ಅರ್ಧ ಪ್ಯಾಕೆಟ್ ಅಳತೆ ಇಲ್ಲದೆ ಗ್ಲಾಸಿಗೆ ಹಾಕುವುದೂ ಬೇಡ. ಪುಡಿ ಸಿಗದಿದ್ದರೆ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ರಾಶಿ ಬೇಡ, ಮೇಲೆ ಸಮ ಮಾಡಿದ ಚಮಚ. ಕಲಸಿದ್ದನ್ನು ಮರುದಿನಕ್ಕೆ ಇಡಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಕೂಡ ಒಳ್ಳೆಯದೇ, ಜನ ಅದನ್ನು ಇಷ್ಟಪಟ್ಟು ಕುಡಿಯುತ್ತಾರೆ.

ಒಂದು ಸಣ್ಣ ವಿಷಯ ನೆನಪಿರಲಿ. ಮೊಬೈಲಿನಲ್ಲಿ 43 ಡಿಗ್ರಿ ಅಂತ ನೋಡುತ್ತೀರಲ್ಲ, ಅದು ನೆಲದಿಂದ ನಾಲ್ಕು ಅಡಿ ಮೇಲೆ ನೆರಳಿನ ಪೆಟ್ಟಿಗೆಯೊಳಗೆ ಅಳೆಯುವ ಲೆಕ್ಕ. ಶಹಾಬಾದ್ ಕಲ್ಲಿನ ಫರಸಿ ಮೇಲೆ ಬೆನ್ನು ಹಚ್ಚಿ ಮಲಗಿದವರ ಬಿಸಿ ಬೇರೆಯೇ. ಅಲ್ಲಿ ನಾವು ಅಂಗೈ ಇಟ್ಟು ಒಂದು ನಿಮಿಷ ಇರಲು ಆಗುವುದಿಲ್ಲ.


ಬೀದರ್_ಕಂಬಳಿ

ಅಕ್ಕ ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ. ನಾವು ಬೀದರಿನವರು. ನಮ್ಮ ಊರು ಸುಮಾರು 2,300 ಅಡಿ ಎತ್ತರದ ಮೇಲಿದೆ, ಬೇಸಿಗೆ ನಿಮ್ಮಷ್ಟು ಕೆಟ್ಟದ್ದಲ್ಲ. ಆದರೆ ಡಿಸೆಂಬರ್ ಜನವರಿಯಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಹಾಗಾಗಿ ನಾವು ಶುರು ಮಾಡಿದ್ದು ಕಂಬಳಿಯಿಂದ. ನಾಲ್ಕು ಚಳಿಗಾಲ ಆಯಿತು. ಮೊದಲ ವರ್ಷ ನಿಮ್ಮ ಹಾಗೇ ಮಾಡಿದೆವು, ಒಂದೇ ರಾತ್ರಿಯಲ್ಲಿ ಎಲ್ಲ ಹಂಚಿ ಮನೆಗೆ ಹೋಗಿ ಮಲಗಿದೆವು. ಹತ್ತು ದಿನ ಬಿಟ್ಟು ನೋಡಿದರೆ ಅರ್ಧಕ್ಕರ್ಧ ಜನರ ಹತ್ತಿರ ಕಂಬಳಿ ಇಲ್ಲ. ಮಾರಿಕೊಂಡರು ಅಂತ ನಮ್ಮಲ್ಲೇ ಕೆಲವರು ಸಿಟ್ಟಾದರು.

ಒಬ್ಬ ಕಾಕಾನನ್ನು ಕೂತು ಕೇಳಿದೆ. ಅವರು ಹೇಳಿದ್ದು ಇವತ್ತಿಗೂ ಮರೆತಿಲ್ಲ. "ರಾತ್ರಿ ಹೊತ್ಕೊಳ್ಳಾಕ ಕೊಟ್ರಿ, ಖರೇ. ಹಗಲು ಎಲ್ಲಿ ಇಡ್ಲಿ? ಹಮಾಲಿಗೆ ಹೋಗಾಗ ಹೆಗಲ ಮ್ಯಾಗ ಇದನ್ನ ಹಾಕ್ಕೊಂಡು ಚೀಲ ಎತ್ಲೇನು?" ನಮಗೆ ಅದು ಹೊಳೆದೇ ಇರಲಿಲ್ಲ. ಎರಡನೆಯ ವರ್ಷ ಒಂದು ಖಾನಾವಳಿಯವರನ್ನು ಕೇಳಿಕೊಂಡು ಅವರ ಹಿಂದಿನ ಕೋಣೆಯಲ್ಲಿ ಎರಡು ಹಲಗೆ ಹಾಕಿದೆವು. ಬೆಳಗ್ಗೆ ಕಂಬಳಿ, ಗಂಟು ಅಲ್ಲಿಟ್ಟು ಹೋಗಬಹುದು, ರಾತ್ರಿ ತಗೊಳ್ಳಬಹುದು. ಬಟ್ಟೆ ಪಟ್ಟಿಯ ಮೇಲೆ ಹೆಸರು ಬರೆದು ಕಟ್ಟಿದೆವು, ಅಷ್ಟೇ. ಕಂಬಳಿ ಕಳೆಯುವುದು ನಿಂತಿತು. ಖರ್ಚು ಏನೂ ಇಲ್ಲ.

ನಿಮಗೆ ನಾನು ಹೇಳುವುದೂ ಅದೇ. ಹಂಚುವುದನ್ನು ಬಿಡಿ, ಹೋಗಿ ಬರುವುದನ್ನು ಶುರು ಮಾಡಿ. ಅದೇ ಜಾಗ, ಅದೇ ಹೊತ್ತು, ಅದೇ ಇಬ್ಬರು. ಊರು ಪೂರ್ತಿ ಸುತ್ತಬೇಡಿ. ಸ್ಟೇಷನ್ನಿಂದ ಸೂಪರ್ ಮಾರ್ಕೆಟ್ ತನಕ ಅಂತ ಒಂದೇ ದಾರಿ ಹಿಡಿಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಯಾವ ಗುಳಿಗೆ ತಗೊಳ್ಳುತ್ತಾರೆ, ಯಾವ ಭಾಷೆ ಅಂತ ಬರೆಯಿರಿ. ರೈಲು ಇಳಿದು ಬಂದವರು ಇರುತ್ತಾರೆ, ತೆಲುಗು, ಮರಾಠಿ, ದಖನಿ, ಹಿಂದಿ, ಏನೂ ಇರಬಹುದು. ನಿನ್ನೆ ಇದ್ದವರು ಇವತ್ತು ಇಲ್ಲ ಅಂದರೆ ಹುಡುಕಬೇಕು ಅಂತ ಗೊತ್ತಾಗುವುದು ಆ ನೋಟ್‌ಬುಕ್ಕಿನಿಂದಲೇ. ದಿನಾ ಮಾತಾಡಿಸಿದವರಿಗೆ ಮಾತ್ರ "ಇವತ್ತು ಈ ಮುತ್ಯಾನ ಮಾತು ಸರಿ ಇಲ್ಲ" ಅಂತ ತಿಳಿಯುತ್ತದೆ ಅಲ್ವಾ? ಮೊದಲ ಸಲ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಹೊತ್ತಿನ ವಿಷಯ. ಬೆಳಗ್ಗೆ ಐದೂವರೆಗೆ ಒಮ್ಮೆ, ಕೂಲಿಗೆ ಹೋಗುವವರು ಏಳುವ ಮುಂಚೆ. ಹನ್ನೊಂದಕ್ಕೆ ಒಮ್ಮೆ, ಅಜ್ಜ ಅಜ್ಜಿಯರನ್ನು, ಮೈ ಸರಿ ಇಲ್ಲದವರನ್ನು ನೆರಳಿಗೆ ಸೇರಿಸಲು. ಮಧ್ಯಾಹ್ನ ಮೂರೂವರೆ ಸುಮಾರಿಗೆ ಒಮ್ಮೆ ಕಣ್ಣಾಡಿಸಲು, ಹಗಲಿನ ಬಿಸಿ ತುದಿ ಮುಟ್ಟುವುದು ಆಗ. ರಾತ್ರಿ ಒಂಬತ್ತರ ಮೇಲೆ ಒಮ್ಮೆ. ನಾಲ್ಕೂ ಆಗುವುದಿಲ್ಲ ಅಂದರೆ ಹನ್ನೊಂದು ಮತ್ತು ರಾತ್ರಿ ಇಟ್ಟುಕೊಳ್ಳಿ. ರಾತ್ರಿ ಬಿಡಬೇಡಿ. ಕಾಂಕ್ರೀಟು, ತಗಡು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತವೆ. ಮೈ ತಣಿಯಲು ಹೊತ್ತೇ ಸಿಗದಿದ್ದರೆ ಮೂರನೆಯ ದಿನ, ನಾಲ್ಕನೆಯ ದಿನ ಜನ ಕುಸಿಯುತ್ತಾರೆ.


ಯಾದಗಿರಿ_ತಂಗಿ

ನಾನು ಇದನ್ನು ಇನ್ನೊಂದು ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪ ಅವ್ವ ಗುಳೆ ಹೋದವರು. ನಾನು ಎಂಟು ವರ್ಷದವಳಿದ್ದಾಗ ಪುಣೆಯಲ್ಲಿ ಕಟ್ಟಡದ ಕೆಲಸ ನಿಂತುಹೋಗಿ, ಗುತ್ತಿಗೆದಾರ ದುಡ್ಡು ಕೊಡದೆ ಹೋದ ಮೇಲೆ ಎರಡು ತಿಂಗಳು ಫ್ಲೈಓವರ್ ಕೆಳಗೆ ಇದ್ದೆವು. ಏಪ್ರಿಲ್, ಮೇ.

ನೀರು ಕೊಡುವವರು ಬರುತ್ತಿದ್ದರು. ಅವ್ವ ಇಸಕೊಂಡು ಪಕ್ಕಕ್ಕೆ ಇಡುತ್ತಿದ್ದಳು, ಕುಡಿಯುತ್ತಿರಲಿಲ್ಲ. ಬೆಳಗ್ಗೆ ಕತ್ತಲಿದ್ದಾಗ ಒಮ್ಮೆ, ರಾತ್ರಿ ಕತ್ತಲಾದ ಮೇಲೆ ಒಮ್ಮೆ, ಅಷ್ಟೇ ಹೊರಗೆ ಹೋಗುವುದು. ನಡುವೆ ಕುಡಿದರೆ ಎಲ್ಲಿಗೆ ಹೋಗಬೇಕು? ದುಡ್ಡು ಕೊಟ್ಟು ಹೋಗುವ ಶೌಚಾಲಯ ಇತ್ತು. ನಾವು ನಾಲ್ಕು ಜನ, ದಿನಕ್ಕೆ ಎಷ್ಟು ಸಲ ಕೊಡುವುದು? ಅವ್ವನಿಗೆ ಉರಿ ಮೂತ್ರ ಆಗಿ, ಆಮೇಲೆ ಕಿಡ್ನಿ ತನಕ ಹೋಯಿತು. ಇವತ್ತಿಗೂ ಗುಳಿಗೆ ನುಂಗುತ್ತಾಳೆ.

ಅದಕ್ಕೆ ಕೈ ಮುಗಿದು ಹೇಳುತ್ತೇನೆ ಅಣ್ಣ, ಹೆಂಗಸರಿಗೆ ನೀರು ಕೊಡುವ ಮೊದಲು ಶೌಚಾಲಯ ಎಲ್ಲಿದೆ ನೋಡಿ. ನೋಡಿಕೊಳ್ಳುವವರ ಹತ್ತಿರ ಮಾತಾಡಿ. ತಿಂಗಳಿಗೆ ಇಷ್ಟು ಅಂತ ಕೊಟ್ಟು, ಈ ಹತ್ತು ಹೆಂಗಸರನ್ನು ಕೇಳದೆ ಒಳಗೆ ಬಿಡಿ ಅಂತ ಒಪ್ಪಿಸಿ. ನನಗೆ ಕೇಳಿದರೆ ಇದೇ ಮೊದಲ ಕೆಲಸ, ನೀರು ಎರಡನೆಯದು.

ಚಪ್ಪಲಿ. ಯಾರೂ ಇದನ್ನು ಯೋಚನೆ ಮಾಡುವುದಿಲ್ಲ. ಬರಿಗಾಲಲ್ಲಿ ಡಾಂಬರು ದಾಟಿ ನೆರಳಿಗೂ ಹೋಗಲು ಆಗುವುದಿಲ್ಲ, ನಿಮ್ಮ ನೀರಿನ ಹತ್ತಿರವೂ ಬರಲು ಆಗುವುದಿಲ್ಲ. ರಬ್ಬರ್ ಚಪ್ಪಲಿ ಸಾಕು.

ಫೋಟೋ ತೆಗೆಯಬೇಡಿ. ನಮ್ಮದೊಂದು ಫೋಟೋ ಯಾರೋ ತೆಗೆದರು, ಅದು ಊರಿನವರ ಕೈಗೆ ಹೋಯಿತು. ಅವ್ವ ಮುಂದೆ ಎರಡು ವರ್ಷ ಊರಿನ ಜಾತ್ರೆಗೆ ಹೋಗಲಿಲ್ಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಿಂದ ಎಷ್ಟು ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಬೀದಿಗಳಲ್ಲಿ ಹೀಗೆ ಮಲಗುತ್ತಾರೆ ಗೊತ್ತಾ? ಸ್ಟೇಷನ್ ಹತ್ತಿರ ನೀವು ನೋಡುವವರೂ ಯಾವುದೋ ಊರಿನ ಯಾರದೋ ಮನೆಯವರು.


ನಿವೃತ್ತ_ಕಚೇರಿ

ನಗರಸಭೆ, ಪಾಲಿಕೆ ಅಂತ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ವಸತಿ ಕೇಂದ್ರದ ಬಗ್ಗೆ ಕೇಳಿದ್ದೀರಿ, ಅದಕ್ಕೆ ಬರೆಯುತ್ತೇನೆ.

ಇದು ದಾನ ಧರ್ಮದ ಮಾತಲ್ಲ, ಹಕ್ಕಿನ ಮಾತು. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯಲ್ಲಿ ಒಂದು ತಾತ್ಕಾಲಿಕ ರಾತ್ರಿ ವಸತಿಯನ್ನು ಕೆಡವಿ ಹಾಕಿದ್ದರು. ಅದು ಸುಪ್ರೀಂ ಕೋರ್ಟ್ ಮುಂದೆ ಬಂತು. ಆಹಾರದ ಹಕ್ಕಿನ ಕೇಸು 2001ರಿಂದ ಅಲ್ಲಿ ನಡೆಯುತ್ತಿತ್ತು, ಅದರಲ್ಲೇ 2010ರಲ್ಲಿ ಕೋರ್ಟ್ ಆದೇಶ ಮಾಡಿತು. 5 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಪ್ರತಿ 1 ಲಕ್ಷ ಜನಕ್ಕೆ ಒಂದು ವಸತಿ ಇರಬೇಕು, ವರ್ಷಪೂರ್ತಿ, 24 ತಾಸು ತೆರೆದಿರಬೇಕು ಅಂತ. ಆಮೇಲೆ 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಇದನ್ನೇ ಇಟ್ಟರು. 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ಉಳಿಯುವ ವಸತಿ, ಒಬ್ಬರಿಗೆ 50 ಚದರ ಅಡಿ ಜಾಗ. ಕಲಬುರಗಿ ನಗರ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ, ಐದು ಕೇಂದ್ರ, 500 ಜನಕ್ಕೆ ಜಾಗ.

ಆಧಾರ್ ಇಲ್ಲ ಅಂತ ಆ ತಾಯಿಯನ್ನು ವಾಪಸ್ ಕಳಿಸಿದ್ದು ತಪ್ಪು. ಇಲ್ಲದವರಿಗೆ ಗುರುತಿನ ಕಾರ್ಡ್, ಪಿಂಚಣಿ, ರೇಷನ್ ಕಾರ್ಡ್ ಮಾಡಿಸಿಕೊಳ್ಳಲು ಸಹಾಯ ಮಾಡುವುದು ಅದೇ ಯೋಜನೆಯಲ್ಲಿ ವಸತಿ ಕೇಂದ್ರದ ಕೆಲಸ ಅಂತ ಬರೆದಿದೆ. ಕಾರ್ಡ್ ಇದ್ದರೆ ಮಾತ್ರ ಬಾ ಅಂದರೆ ಆಸ್ಪತ್ರೆಯವರು ಗುಣ ಆಗಿ ಬಾ ಅಂದ ಹಾಗಾಯಿತು. ಮುಂದಿನ ಸಲ ಬಾಗಿಲಲ್ಲಿ ಜಗಳ ಮಾಡಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಹೇಳಿ ಕಳಿಸಿದರು ಅಂತ ಬರೆದುಕೊಳ್ಳಿ. ಮರುದಿನ ಪಾಲಿಕೆ ಆಯುಕ್ತರ ಹೆಸರಿಗೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಮುದ್ರೆ ಇದ್ದರೆ ಎರಡನೆಯ ಸಲ ಮಾತು ಬೇರೆ ರೀತಿ ಇರುತ್ತದೆ. ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮೇ ಕಚೇರಿ ಸಮಯ ಬೆಳಗ್ಗೆ 8ರಿಂದ ಮಧ್ಯಾಹ್ನ 1:30 ಅಂತ ಸರ್ಕಾರ ಬದಲಿಸುತ್ತದೆ, ಸಂಜೆ ಹೋಗಿ ಬೀಗ ನೋಡಿ ಬರಬೇಡಿ. ಅದೇ ಅರ್ಜಿಯಲ್ಲಿ ಇದನ್ನೂ ಬರೆಯಿರಿ: ಬಿಸಿಲಿಗೆ ಅಂತ ನೌಕರರ ಸಮಯ ಬದಲಿಸುತ್ತೀರಿ, ಅದು ಸರಿಯೇ. ಇವರಿಗಾಗಿ ವಸತಿ ಕೇಂದ್ರದ ಬಾಗಿಲು ಹಗಲೂ ತೆರೆದಿಡಿ. ಚಳಿಗೆ ರಾತ್ರಿ ವಸತಿ ಬೇಕು, ಬಿಸಿಲಿಗೆ ಹಗಲು ವಸತಿ ಬೇಕು. ಇದು ಎಷ್ಟೋ ಕಡೆ ಅಧಿಕಾರಿಗಳಿಗೆ ಹೊಳೆದೇ ಇರುವುದಿಲ್ಲ.

ಮನಸ್ಸಿನ ಸ್ವಾಧೀನ ತಪ್ಪಿ ಅಲೆಯುವವರ ವಿಷಯ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೆಯ ಸೆಕ್ಷನ್ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ತಾಸಿನೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕೆಲಸ. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. 112ಕ್ಕೆ ಫೋನ್ ಮಾಡಿ ಕರೆಸಿ. ವಯಸ್ಸಾದವರಿಗೆ 14567, ಮಕ್ಕಳಿಗೆ 1098, ಹೆಂಗಸರಿಗೆ 181.


ಯಾದಗಿರಿ_ತಂಗಿ

ಕಾಕಾ, ಒಂದು ಮಾತು, ತಪ್ಪು ತಿಳಿಯಬೇಡಿ. ಖಾಕಿ ಕಂಡರೆ ಬೀದಿಯಲ್ಲಿರುವವರು ಓಡುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಹಿಡಿದುಕೊಂಡು ಹೋಗಿ ನಿರಾಶ್ರಿತರ ಕೇಂದ್ರಕ್ಕೆ ಹಾಕುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಭಿಕ್ಷೆ ಬೇಡದೆ ಕೂಲಿ ಮಾಡುವವರಿಗೂ ಇದೆ. ಯಾವ ಗಾಡಿ ಬಂದು "ಹತ್ತಿ, ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋಗುತ್ತೇವೆ" ಅಂದರೂ ಅದೇ ಗಾಡಿ ಅಂತ ತಿಳಿಯುತ್ತಾರೆ. ಒಬ್ಬರಿಗಾಗಿ ಪೊಲೀಸರನ್ನು ಕರೆಸಿದರೆ ಉಳಿದ ಇಪ್ಪತ್ತು ಜನ ಮರುದಿನದಿಂದ ಆ ಜಾಗದಲ್ಲೇ ಇರುವುದಿಲ್ಲ. ಆಮೇಲೆ ಅಣ್ಣನವರು ಯಾರಿಗೆ ನೀರು ಕೊಡಬೇಕು?


ನಿವೃತ್ತ_ಕಚೇರಿ

ಸರಿಯಾದ ಮಾತು ತಂಗಿ. ನಾನು ಕಾನೂನು ಏನು ಹೇಳುತ್ತದೆ ಅಂತ ಬರೆದೆ, ಜನರ ಹೆದರಿಕೆ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಜೀವಕ್ಕೆ ಅಪಾಯ ಇದ್ದರೆ 108 ಮೊದಲು. ಪೊಲೀಸರು ಬೇಕೇ ಬೇಕು ಅಂದಾಗ ಗೆಳೆಯರು ಮೊದಲೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಪರಿಚಯ ಮಾಡಿಕೊಂಡಿದ್ದರೆ, ಬರುವವರು ಮೆತ್ತಗೆ ಬರುತ್ತಾರೆ. ಸುತ್ತಲಿನವರಿಗೂ ಯಾಕೆ ಬರುತ್ತಿದ್ದಾರೆ ಅಂತ ಮುಂಚೆಯೇ ಹೇಳಿ.


ಸೇಡಂ_ರಸ್ತೆ_ಅಕ್ಕ

ಮಾನಸಿಕ ಕಾಯಿಲೆಯ ಗುಳಿಗೆ ತಗೊಳ್ಳುವವರ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಆ ಗುಳಿಗೆಗಳಲ್ಲಿ ಕೆಲವು ಬೆವರುವುದನ್ನೇ ಕಡಿಮೆ ಮಾಡುತ್ತವೆ. ಬಿ.ಪಿ.ಗೆ ಕೊಡುವ, ಮೂತ್ರ ಹೋಗಿಸುವ ಗುಳಿಗೆಗಳೂ ಮೈಯ ನೀರು ಇಳಿಸುತ್ತವೆ. ನಿಲ್ಲಿಸಿ ಅಂತ ನೀವು ಹೇಳಬೇಡಿ, ಅದು ಡಾಕ್ಟರ ಕೆಲಸ. ಆದರೆ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿ, ಹನ್ನೊಂದರ ಸುತ್ತಿನಲ್ಲಿ ಅವರನ್ನು ಮೊದಲು ನೋಡಿ.


ಗಂಜ್_ಗುಮಾಸ್ತ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ. ಹನ್ನೆರಡು ದಿನ ಆಯಿತು, ಏನಾಯಿತು ಹೇಳುತ್ತೇನೆ.

ಸುತ್ತುವುದನ್ನು ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಗೆ ಇಳಿಸಿದೆವು. ನೋಟ್‌ಬುಕ್ಕಿನಲ್ಲಿ ಈಗ 41 ಹೆಸರು. ಒಂದೇ ದಾರಿಯಲ್ಲಿ ಇಷ್ಟು ಜನ ಇದ್ದಾರೆ ಅಂತ ನಮಗೆ ಗೊತ್ತೇ ಇರಲಿಲ್ಲ, ದಿನಾ ಅವರ ಪಕ್ಕದಲ್ಲೇ ಓಡಾಡುತ್ತಿದ್ದೆವು. ಬಾಟಲಿ ನಿಲ್ಲಿಸಿದೆವು. ಮೂರು ಕಡೆ ಮಣ್ಣಿನ ಹರವಿ ಇಟ್ಟು ಅರವಟಿಗೆ ಮಾಡಿದೆವು, ಒದ್ದೆ ಗೋಣಿಚೀಲ ಸುತ್ತಿ. ರಾತ್ರಿಯೂ ತುಂಬಿ ಇಡುತ್ತೇವೆ. ಸಾಮಾನ್ಯವಾಗಿ ಅರವಟಿಗೆ ಸಂಜೆ ಮುಚ್ಚುತ್ತಾರೆ, ನಮ್ಮ ಜನ ನಿಜವಾಗಿ ನೀರು ಕುಡಿಯುವುದು ರಾತ್ರಿ ಎರಡು ಮೂರು ಗಂಟೆಗೆ. ಬೆಳಗ್ಗೆ ನೋಡಿದರೆ ಹರವಿ ತಳ ಕಂಡಿರುತ್ತದೆ.

ಶೌಚಾಲಯದವರು ಮೊದಲು ಒಪ್ಪಲಿಲ್ಲ. ತಂಗಿ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿ, ಹೆಂಗಸರಿಗೆ ದುಡ್ಡು ಬೇಡ, ಫಿನಾಯಿಲ್ ಮಾತ್ರ ನೀವು ತಂದುಕೊಡಿ ಅಂದರು. ಊಟಕ್ಕೆ ಜಾಸ್ತಿ ತೊಂದರೆ ಆಗಿಲ್ಲ. ದರ್ಗಾ ಕಡೆಗೆ, ಶರಣಬಸವೇಶ್ವರ ಗುಡಿಯ ದಾಸೋಹಕ್ಕೆ ನಡೆಯಬಲ್ಲವರು ಹೋಗುತ್ತಾರೆ, ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ ಸಿಗುತ್ತದೆ. ನಡೆಯಲಾಗದ ಏಳು ಜನಕ್ಕೆ ನಾವು ತಂದುಕೊಡುತ್ತೇವೆ.

ಹೋದ ಮಂಗಳವಾರ ಹನ್ನೊಂದೂವರೆಗೆ ಒಬ್ಬ ಕಾಕಾ, ಹಮಾಲಿ ಮಾಡುವವರು, ಗೋಡೆಗೆ ಒರಗಿ ಕೂತಿದ್ದರು. ದಿನಾ "ಬಾ ತಮ್ಮ, ಕೂಡು" ಅನ್ನುವವರು ಆವತ್ತು ನನ್ನನ್ನು ಯಾರದೋ ಹೆಸರು ಹಿಡಿದು ಕರೆದರು. ಮೈ ಸುಡುತ್ತಿತ್ತು. ಅಕ್ಕ ಹೇಳಿದ ಹಾಗೇ ಮಾಡಿದೆವು, ನೆರಳಿಗೆ ಎಳೆದು ಮೂರು ಕೊಡ ನೀರು ಸುರಿದು ರಟ್ಟಿನಿಂದ ಗಾಳಿ ಹಾಕಿದೆವು. ಚಹಾ ಅಂಗಡಿಯವರೂ ಓಡಿ ಬಂದರು. 108 ಬರುವ ಹೊತ್ತಿಗೆ ತಮ್ಮ ಹೆಸರು ಹೇಳುತ್ತಿದ್ದರು. ಈಗ ಆಸ್ಪತ್ರೆಯಲ್ಲಿದ್ದಾರೆ, ನಾಳೆ ಬಿಡುತ್ತಾರಂತೆ. ಬಿಟ್ಟ ಮೇಲೆ ಮತ್ತೆ ಅದೇ ಗೋಡೆಗೆ ಬರಬಾರದು ಅಂತ ವಸತಿ ಕೇಂದ್ರಕ್ಕೆ ಅರ್ಜಿ ಕೊಟ್ಟಿದ್ದೇವೆ, ಮುದ್ರೆ ಹಾಕಿಸಿಕೊಂಡಿದ್ದೇವೆ.

ಆಯಿ ಇನ್ನೂ ಮಾತಾಡಿಲ್ಲ. ಚಪ್ಪಲಿ ಮಾತ್ರ ತಗೊಂಡಳು.

ಒಂದು ಹೊಸ ಚಿಂತೆ. ನಿನ್ನೆ ಸಂಜೆ ಗಾಳಿ ಎದ್ದು ಗುಡುಗು ಮಿಂಚು ಬಂತು, ಎರಡು ಹನಿ ಬಿತ್ತು. ಮುಂಗಾರಿಗೆ ಮುಂಚಿನ ಈ ಅಡ್ಡಮಳೆ ಜೋರಾಗಿ ಬಂದರೆ ಇವರೆಲ್ಲ ಎಲ್ಲಿಗೆ ಹೋಗುತ್ತಾರೆ? ಅರ್ಧ ಜನ ಬೇವಿನ ಮರದ ಕೆಳಗೆ ಓಡಿದರು.


ಬೀದರ್_ಕಂಬಳಿ

ಮರದ ಕೆಳಗೆ ಬೇಡವೇ ಬೇಡ, ಮೊದಲು ಅದನ್ನು ಹೇಳಿ. ತಗಡಿನ ಚಪ್ಪರವೂ ಬೇಡ, ಗಾಳಿಗೆ ಹಾರಿ ಬರುವ ತಗಡು ಮಿಂಚಿನಷ್ಟೇ ಕೆಟ್ಟದ್ದು. ಬಸ್ ಸ್ಟ್ಯಾಂಡ್, ಸ್ಟೇಷನ್ನಿನ ಪಕ್ಕಾ ಕಟ್ಟಡ, ಗುಡಿ, ದರ್ಗಾ, ಮಸೀದಿ, ಚರ್ಚು, ಹತ್ತಿರ ಯಾವುದಿದೆ ಅಂತ ಒಬ್ಬೊಬ್ಬರಿಗೂ ಅವರ ಜಾಗದಿಂದಲೇ ಕೈ ಮಾಡಿ ತೋರಿಸಿ. ಅಲ್ಲಿನವರ ಹತ್ತಿರ ಈಗಲೇ ಮಾತಾಡಿ ಇಡಿ, ಮಳೆ ಬಂದ ರಾತ್ರಿ ಕೇಳಿದರೆ ಆಗುವುದಿಲ್ಲ. ನಮ್ಮಲ್ಲಿ ನಾನಕ್ ಝಿರಾ ಗುರುದ್ವಾರದ ಲಂಗರ್‌ನಲ್ಲಿ ಯಾರು ಹೋದರೂ ಯಾವ ಊರು ಅಂತ ಕೇಳದೆ ಊಟ ಹಾಕುತ್ತಾರೆ, ಹಾಗಾಗಿ ಜನಕ್ಕೆ ಅಲ್ಲಿ ಹೋಗಲು ಸಂಕೋಚ ಇಲ್ಲ. ನಿಮ್ಮ ಊರಲ್ಲಿ ಯಾವ ಬಾಗಿಲಿಗೆ ಹೋಗಲು ಅವರಿಗೆ ಸಂಕೋಚ ಇಲ್ಲ ಅಂತ ಅವರನ್ನೇ ಕೇಳಿ. ಗಂಟಿಗೆ ಒಂದೊಂದು ದಪ್ಪ ಪ್ಲಾಸ್ಟಿಕ್ ಚೀಲ ಕೊಡಿ. ಗಂಟು ನೆನೆಯುತ್ತದೆ ಅಂದರೆ ಅದನ್ನು ಬಿಟ್ಟು ಯಾರೂ ಏಳುವುದಿಲ್ಲ.


ಗಂಜ್_ಗುಮಾಸ್ತ

ಚೀಲ ಇದೆ. ಗಂಜ್‌ನಲ್ಲಿ ಬೇಳೆ ಚೀಲದ ಒಳಗಿನ ಪ್ಲಾಸ್ಟಿಕ್ ಬೇಕಾದಷ್ಟು ಸಿಗುತ್ತದೆ, ನಾಳೆಯೇ ತರುತ್ತೇನೆ. ರವಿವಾರ ರಾತ್ರಿ ಸುತ್ತಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಹುಡುಗನಿಗೆ ಪರೀಕ್ಷೆ. ದಖನಿ ಬರುವವರು ಯಾರಾದರೂ ಇದ್ದರೆ ಒಳ್ಳೆಯದು, ದರ್ಗಾ ಕಡೆಯ ಇಬ್ಬರು ಅಮ್ಮಂದಿರ ಮಾತು ನಮಗೆ ಅರ್ಧ ತಿಳಿಯುತ್ತಿಲ್ಲ.


ಸೇಡಂ_ರಸ್ತೆ_ಅಕ್ಕ

ನಾನು ಬರುತ್ತೇನೆ, ದಖನಿ ಬರುತ್ತದೆ. ರವಿವಾರ ಎಂಟೂವರೆಗೆ ಡ್ಯೂಟಿ ಮುಗಿಯುತ್ತದೆ. ಬಿ.ಪಿ. ಮಷೀನ್ ತರುತ್ತೇನೆ. ಎಲ್ಲಿ ನಿಲ್ಲಬೇಕು ಹೇಳಿ, ಮತ್ತೆ ಆ ಆಯಿ ಯಾವ ಕಡೆ ಮಲಗುತ್ತಾಳೆ ಅದನ್ನೂ ಹೇಳಿ.